ನಾನು ಸೋಸಿಟ್ಟ ನೀರುಗಿಡ

ಶಹಾಬಾದಿನ ನಮ್ಮ ಮನೆಯ ಹಿಂದೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯೊಂದಿದೆ. ಮಳೆನೀರು ನಿಂತು ಈಗ ಕೆರೆಯಂತಾಗಿದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವ ನನ್ನ ತಮ್ಮ ಒಂದು ಶುಕ್ರವಾರ ಅಲ್ಲಿಂದ ನೀರೊಳಗಿನ ಗಿಡವೊಂದನ್ನು ತಂದ. ದಾರದಂಥ ಕಾಂಡ, ಸೂಜಿಯಂಥ ಎಲೆ. ಅದರ ಜಾತಿ ಗುರುತಿಸಿ, ಒಣಗಿಸಿ, ಹಾಳೆಗೆ ಅಂಟಿಸಿ ವಾರದೊಳಗೆ ಕಾಲೇಜಿಗೆ ಒಪ್ಪಿಸಬೇಕಿತ್ತು. ಬಕೆಟ್ಟಿನಲ್ಲಿಟ್ಟು ಸ್ನಾನಕ್ಕೆ ಹೋದ.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಹಾಳೆ ಚೆಂದ ಕಾಣಲಿ ಎಂದು, ಮೆಂತೆ ಪಲ್ಯ ಸೋಸುವಾಗ ಕೊಳೆತದ್ದನ್ನು ಕಿತ್ತು ತೆಗೆಯುವ ಹಾಗೆ ಅದನ್ನು ಸೋಸಲು ಕೂತೆ. ಪ್ರತಿ ಎಲೆಯ ಬುಡದಲ್ಲೂ ಕೊಳೆತಂತೆ ಕಾಣುವ ತೆಳ್ಳನೆಯ ಪೊರೆ. ಒಂದನ್ನೂ ಬಿಡದೆ ಉಗುರಿನಿಂದ ಸುಲಿದು ಚೆಲ್ಲಿದೆ.

ಸಂಜೆ ಅವನು ಭೂತಗನ್ನಡಿ ಹಿಡಿದು ಕೂತ.

"ಇಂಥ ಸಣ್ಣೆಲಿ ಗಿಡ ನೋಡ್ಲಿಕ್ಕ ಎಲ್ಲಾ ಒಂದೇ ಥರ ಅಕ್ಕ. ಬುಡದ ಪೊರೆ ಎಲಿಗೆ ಅಂಟಿದ್ರ ಒಂದು ಜಾತಿ, ಬ್ಯಾರೆ ಇದ್ರ ಇನ್ನೊಂದು. ಇದಕ್ಕ ಪೊರೆನೇ ಇಲ್ಲ. ಎಳದಾಡಿ ತಂದು ನಾನೇ ಹಾಳ ಮಾಡೀನಿ."

ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಓದದವಳು ಕೈಹಾಕಿ ಕೆಡಿಸಿದಳು ಅನ್ನಿಸಿಕೊಳ್ಳಲು ಹೆದರಿಕೆ. ಅವನು ತನ್ನನ್ನೇ ಬೈದುಕೊಳ್ಳುವುದನ್ನು ಎರಡು ದಿನ ಕೇಳಿಸಿಕೊಂಡು ಸುಮ್ಮನಿದ್ದೆ. ಗಿಡ ಕೆಡಿಸಿದ್ದಕ್ಕಿಂತ ಆ ಸುಮ್ಮನಿದ್ದದ್ದೇ ಇವತ್ತಿಗೂ ಚುಚ್ಚುತ್ತದೆ.

ಭಾನುವಾರ ಬೆಳಿಗ್ಗೆ ಅವನು, "ನನ್ನ ಕೈಲಿ ಇದು ಆಗಂಗಿಲ್ಲ, ಇನ್ನೊಂದು ತಂದ್ರೂ ಪೊರೆ ಹರೀತದ, ಬ್ಯಾರೆ ಯಾವ್ದಾರ ಗಿಡ ಕೊಡ್ತೀನಿ," ಅಂದ. ಆಗ ಹೇಳಿಬಿಟ್ಟೆ. "ಪೊರೆ ನಾ ಸುಲದೀನೋ. ಹೊಲಸು ಅಂತ ತಿಳ್ಕೊಂಡಿದ್ದೆ."

"ಪಲ್ಯ ಮಾಡಾಕಿದ್ದೇನು ಅದನ್ನ? ಎರಡು ದಿನ ಬಾಯಾಗ ಏನ್ ಇಟ್ಕೊಂಡಿದ್ದಿ?"

ಮುಖ ತಿರುಗಿಸಿ ಹೊಸ್ತಿಲವರೆಗೆ ಹೋದವನು ಅಲ್ಲೇ ನಿಂತ. "ಅಕ್ಕ, ಸುಲಿಯುವಾಗ ಎಲಿ ಕಿತ್ತು ಬಂತೇನು?"

"ಇಲ್ಲ. ಪೊರೆ ಅಷ್ಟೇ ಬಂತು, ಎಲಿ ಅಲ್ಲೇ ಉಳೀತು."

"ಎಲ್ಲಾದಕ್ಕೂ ಹಂಗೇನಾ?"

"ಹೂಂ, ಒಂದನ್ನೂ ಬಿಡದ ಸುಲದೀನಿ, ಎಲ್ಲಾ ಹಂಗೇ."

"ಹಂಗಾದ್ರ ಪೊರೆ ಎಲಿಗೆ ಅಂಟಿರಲಿಲ್ಲ, ಬ್ಯಾರೇನೇ ಇತ್ತು ಅದು," ಅಂದ, ಮೆಲ್ಲಗೆ. "ಚಪ್ಪಲಿ ಹಾಕ್ಕೊ, ನಡಿ."

ಗಣಿಯ ಕಲ್ಲಿನ ಮೆಟ್ಟಿಲ ಮೇಲೆ ಕೂತು ಹೊಸ ಎಳೆಯೊಂದನ್ನು ನನ್ನ ಕೈಗೇ ಕೊಟ್ಟ. ಅವನ ಕೈಯಲ್ಲಿ ಪೊರೆ ಹರಿದುಹೋಗುತ್ತಿತ್ತು. ನಾನು ಸುಲಿದೆ. ಪೊರೆ ಬಂತು, ಎಲೆ ಅಲುಗಲಿಲ್ಲ. ಮತ್ತೊಂದು, ಇನ್ನೊಂದು, ಹಾಗೇ. ಅವನು ತಂದಿದ್ದ ಪುಸ್ತಕದ ಚಿತ್ರ ನೋಡಿ ನಕ್ಕು, ಆ ಜಾತಿಯ ಉದ್ದನೆಯ ಹೆಸರನ್ನು ಎರಡು ಸಲ ಓದಿ ಹೇಳಿದ.

ಹಾಳೆಗೆಂದು ಕಿತ್ತ ಹೊಸ ಗಿಡವನ್ನು ಅವನೇ ತೊಳೆದ. ನಾನು ಬಕೆಟ್ ಹಿಡಿದು ನಿಂತಿದ್ದೆ, ಕೈ ಹಾಕಲಿಲ್ಲ.