ಮಚ್ಛೇಂದ್ರ ಮಿಸ್ತ್ರಿಯ ಆಣೆ

ಬೀದರಿನ ಚಿದ್ರಿಯಲ್ಲಿ ಮಚ್ಛೇಂದ್ರ ಮಿಸ್ತ್ರಿ ಎಂದರೆ ಹಳೆಯ ಕಂಪ್ಯೂಟರುಗಳ ವೈದ್ಯ. ಯಾವ ಗುರುವೂ ಇಲ್ಲದೆ ಕಲಿತ ವಿದ್ಯೆ. ಮೊದಲ ಕಂಪ್ಯೂಟರನ್ನು ಬಿಚ್ಚಿದ, ತಿರುಗಿ ಜೋಡಿಸಲು ಬರಲಿಲ್ಲ. ಅದನ್ನು ಜೋಡಿಸುವುದು ಹೇಗೆಂದು ನೋಡಲು ಎರಡನೆಯದನ್ನೂ ಬಿಚ್ಚಿದ. ಬಿಚ್ಚುವುದರಲ್ಲಿ ಅವನಿಗಿದ್ದ ಸುಖ ಹಬ್ಬದೂಟದಲ್ಲೂ ಇರಲಿಲ್ಲ. ಮನೆಯ ಗಡಿಯಾರ, ಮಿಕ್ಸರ್, ಮುದಿ ಮಾವನ ಕಿವಿಯ ಮಷಿನ್ ಎಲ್ಲಕ್ಕೂ ಒಂದೊಂದು ಸಲ ಆ ಗತಿ ಬಂದಿತ್ತು. ಹೆಂಡತಿ ಜಿಜಾಬಾಯಿ ತನ್ನ ಹೊಲಿಗೆ ಮಷಿನ್ನಿಗೆ ಬೀಗ ಜಡಿದು ಇಟ್ಟುಕೊಂಡಿದ್ದಳು.

ಎರಡು ಸಾವಿರದ ಹದಿನಾರರ ಬೇಸಿಗೆ ಮಾತ್ರ ಅವನ ಕೈ ಕಟ್ಟಿ ಹಾಕಿತು. ಮಳೆ ಕೈಕೊಟ್ಟು ಊರೂರೇ ಪುಣೆ, ಹೈದರಾಬಾದಿನ ಹಾದಿ ಹಿಡಿದಿತ್ತು. ಜನವಾಡದ ಝೆರಾಕ್ಸ್ ಅಂಗಡಿಯವನು ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ ತಲೆಯ ಮೇಲೆ ಹೊತ್ತುಕೊಂಡೇ ರೈಲು ಹತ್ತಿದ. ಚಿಂತಾಕಿಯ ಗಿರಾಕಿ ಹೇಳದೆಯೇ ಹೋದ. ಉಳಿದವರು ಲ್ಯಾಪ್‌ಟಾಪ್ ಕೊಂಡರು, ಅದು ಕೆಟ್ಟರೆ ಹೊಸ ಹುಡುಗರ ಹತ್ತಿರ ಒಯ್ದರು.

ಜಿಜಾಬಾಯಿಯ ತಮ್ಮ ಪಂಢರಿ ಪುಣೆಯಲ್ಲಿ ಅವನಿಗೊಂದು ವಾಚ್‌ಮನ್ ಕೆಲಸ ನೋಡಿದ್ದ. ಶನಿವಾರ ಸಂಜೆ ಭಾಲ್ಕಿಯಿಂದ ರೈಲು. ಮಚ್ಛೇಂದ್ರನಿಗೆ ಹೋಗಲು ಎಳ್ಳಷ್ಟೂ ಮನಸ್ಸಿರಲಿಲ್ಲ. ದಿನವಿಡೀ ಸ್ಟೂಲಿನ ಮೇಲೆ ಕೂತು ಸಲಾಮು ಹೊಡೆಯಬೇಕು. ತೆರೆಯಲು ಇರುವುದು ಗೇಟು ಒಂದೇ, ಅದರೊಳಗೂ ನೋಡುವಂಥದ್ದು ಏನಿಲ್ಲ. ನೆನೆಸಿಕೊಂಡರೇ ಅವನಿಗೆ ಅಳು ಬರುತ್ತಿತ್ತು.

ಶುಕ್ರವಾರ ಸಂಜೆ ಔರಾದಿನಿಂದ ಸುಭದ್ರಾಬಾಯಿಯ ಫೋನು ಬಂತು. ಅವಳದು ಬಸ್ ನಿಲ್ದಾಣದ ಹಿಂದೆ ಟೈಪಿಂಗ್ ಅಂಗಡಿ, ಹದಿಮೂರು ವರ್ಷದ ಒಂದೇ ಕಂಪ್ಯೂಟರ್.

"ಮಿಸ್ತ್ರಿ, ಇದು ಸುರುನೇ ಆಗವಲ್ದು. ನಾಳೆ ಬಂದು ನೋಡ್ರಿ, ಆಗ್ಲಿಲ್ಲಂದ್ರ ರದ್ದಿಯವಗ ಹಾಕ್ತೇನಿ."

ಮಚ್ಛೇಂದ್ರ ಅಲ್ಲೇ ಹೆಂಡತಿಯ ಮುಂದೆ ಆಣೆ ಹಾಕಿದ. "ನಾಳೆ ಸಂಜಿ ತನಕ ಕೆಟ್ಟದ್ದು ಒಂದರೆ ನನ್ನ ಕೈಯಾಗ ನೆಟ್ಟಗಾದ್ರ ಉಳೀತೇನಿ. ಆಗ್ಲಿಲ್ಲಂದ್ರ ಪುಣೆ."

ಜಿಜಾಬಾಯಿ ಒಂದೇ ಚೀಲದಲ್ಲಿ ರಿಪೇರಿಯ ಹತ್ಯಾರಗಳನ್ನೂ ತುಂಬಿದಳು, ಅಂಗಿ ಚೊಣ್ಣಗಳನ್ನೂ ತುಂಬಿದಳು.

ಶನಿವಾರ ಬೆಳಗ್ಗೆ ಅಂಗಡಿ ಹೊಕ್ಕವನು ಗೋಡೆಯ ಬೋರ್ಡಿಗೆ ಟೆಸ್ಟರ್ ಇಟ್ಟ. ಕರೆಂಟು ಇತ್ತು. ಕಂಪ್ಯೂಟರಿನ ಗುಂಡಿ ಒತ್ತಿದ. ಅದು ಗಪ್ಪಾಗಿತ್ತು. ವಾಯರ್ ಎರಡೂ ಕಡೆ ಗಟ್ಟಿಯಾಗಿ ಕೂತಿತ್ತು. ಹಿಂದೊಮ್ಮೆ ಭಾಲ್ಕಿಯ ವಕೀಲರೊಬ್ಬರಿಗೆ "ವಾಯರ್ ಬರಾಬರ್ ಅದ ಏನ್ರಿ ಸಾಹೇಬ್ರ?" ಎಂದು ಕೇಳಿ, "ನಾ ಏನ್ ಹುಚ್ಚನೇನು?" ಎಂದು ಬೈಸಿಕೊಂಡಿದ್ದ. ಅಂದಿನಿಂದ ವಾಯರಿನ ಮಾತೇ ಎತ್ತುತ್ತಿರಲಿಲ್ಲ.

ಮುಚ್ಚಳ ತೆಗೆದ. ಒಳಗಿನ ಧೂಳು ಊದಿದ, ಅದು ಸುಭದ್ರಾಬಾಯಿಯ ಮೂಗಿಗೆ ಹೋಗಿ ಅವಳು ಒಂಬತ್ತು ಸಲ ಸೀನಿದಳು. ಮೆಮೊರಿ ಪಟ್ಟಿಯನ್ನು ರಬ್ಬರಿನಿಂದ ತಿಕ್ಕಿದ. ಒಳಗಿನ ಗುಂಡು ಸೆಲ್ ಬದಲಿಸಿದ. ಏನೂ ಆಗಲಿಲ್ಲ. ಕರೆಂಟು ಹಂಚುವ ಪೆಟ್ಟಿಗೆಯೇ ಸತ್ತಿದೆ ಎಂದು ತೀರ್ಮಾನಿಸಿ, ತಾನು ತಂದ ಇನ್ನೊಂದು ಪೆಟ್ಟಿಗೆ ಹೊರಗಿನಿಂದಲೇ ಜೋಡಿಸಿ, ಅದೇ ವಾಯರ್ ಸಿಕ್ಕಿಸಿದ. ಅದೂ ಉಸಿರೆತ್ತಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಔರಾದಿನ ಕರೆಂಟನ್ನೇ ಬೈದ.

"ಮಿಸ್ತ್ರಿ, ಜೀವ ಅದನೋ ಇಲ್ಲೋ ಹೇಳ್ರಿ," ಎಂದಳು ಸುಭದ್ರಾಬಾಯಿ.

"ಮದರ್‌ಬೋರ್ಡ್ ಹೋಗಿರಬೇಕ್ರಿ," ಎಂದ ಮಚ್ಛೇಂದ್ರ. ಅವನ ಕಣ್ಣ ಮುಂದೆ ಸ್ಟೂಲು ಬಂದು ನಿಂತಿತ್ತು.

ಆಗ ಪಕ್ಕದ ಮನೆಯ ಕೌಸಲ್ಯಾಬಾಯಿ ಬಿಸಿ ಅನ್ನ, ಬೇಳೆಯ ತಾಟು ಹಿಡಿದು ಬಂದಳು. ಅಂಗಡಿಯ ಇನ್ನೊಂದು ಕೀಲಿ ಇರುತ್ತಿದ್ದುದು ಅವಳ ಹತ್ತಿರವೇ.

"ಮಿಸ್ತ್ರಿ ಮುಂಜಾನಿಂದ ಉಪಾಸ ಕುಂತಾರ. ಉಣ್ಲಿ."

"ಗ್ಯಾಸ್ ತೀರ್ಯದ ಅಂದಿದ್ರಿ ವೈನಿ, ಅನ್ನ ಹ್ಯಾಂಗ ಮಾಡಿದ್ರಿ?" ಎಂದಳು ಸುಭದ್ರಾಬಾಯಿ.

"ಕರೆಂಟಿನ ಕುಕ್ಕರಿನಾಗ. ನಮ್ಮ ವಾಯರ್ ಸುಟ್ಟಿತ್ತು. ನಿನ್ನೆ ನೀವು ಇಲ್ದಾಗ ನೋಡ್ದೆ, ಇದರ ವಾಯರ್ ಕುಕ್ಕರಿಗಿ ಬರಾಬರ್ ಕುಂದರ್ತದ. ಒಯ್ದೆ."

ಮಚ್ಛೇಂದ್ರನ ಬಾಯಿಗೆ ಹೋಗುತ್ತಿದ್ದ ತುತ್ತು ದಾರಿಯಲ್ಲೇ ನಿಂತಿತು. "ಮತ್ತ ಇದಕ್ಕ ಹಚ್ಚಿದ್ದು ಯಾವುದ್ರಿ?"

"ನಮ್ಮದ್ರಿ, ಸುಟ್ಟದ್ದು. ನಿನ್ನೆ ಶುಕ್ರವಾರ ನೋಡ್ರಿ. ಒಬ್ಬರಲ್ಲಿಂದ ಏನರೆ ತಂದ್ರ ಆ ಜಾಗಾ ಬರಿದು ಬಿಡಬಾರ್ದು, ಲಕ್ಷ್ಮಿ ಹೋಗ್ತಾಳ. ಅದಕ್ಕ ನಮ್ದು ಹಚ್ಚಿ ಹೋದೆ."

ಕೌಸಲ್ಯಾಬಾಯಿ ಮನೆಗೆ ಹೋಗಿ ಒಳ್ಳೆಯ ವಾಯರ್ ತಂದು ತಾನೇ ಸಿಕ್ಕಿಸಿ ಗುಂಡಿ ಒತ್ತಿದಳು. ಫ್ಯಾನು ಗುರ್ರೆಂದಿತು, ಪರದೆ ಬೆಳಗಿತು. ಸುಭದ್ರಾಬಾಯಿ ಚಪ್ಪಾಳೆ ತಟ್ಟಿದಳು.

ಮಚ್ಛೇಂದ್ರನಿಗೆ ಮಾತ್ರ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಗುಡ್ಡ ಅಗೆದು ಇಲಿ ಹಿಡಿದರೂ ಒಂದು ಮಾತು, ಇಲಿಯನ್ನೂ ನೆರೆಯವಳೇ ಹಿಡಿದಿದ್ದಳು. ಆಣೆ ಎಂದರೆ ಆಣೆ. ಇದು ಅವನ ಕೈಯಿಂದ ಆದದ್ದಲ್ಲ. ಮೂರೂವರೆಗೆ ಭಾಲ್ಕಿಯ ಬಸ್ಸು. ಅವನು ಹತ್ಯಾರ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ.

"ಮಿಸ್ತ್ರಿ, ನಿಮ್ಮದು ಆತು. ನನ್ನ ಕುಕ್ಕರ್ ಇನ್ನ ಹ್ಯಾಂಗ ನಡೀಬೇಕ್ರಿ?" ಎಂದು ಕೌಸಲ್ಯಾಬಾಯಿ ಸುಟ್ಟ ವಾಯರ್ ಅವನ ಮಡಿಲಿಗೆ ಹಾಕಿದಳು.

ಅವನು ಚೀಲದಿಂದ ಇಕ್ಕಳ ತೆಗೆದ. ಹೊರಗೆ ಕಾಣದಂತೆ ಒಳಗೇ ಕರಕಲಾಗಿದ್ದ ತುದಿ ಕತ್ತರಿಸಿದ, ತಾಮ್ರದ ಎಳೆ ಸುಲಿದ, ಹೊಸ ಪಿನ್ನು ಕೂರಿಸಿದ. ಕೌಸಲ್ಯಾಬಾಯಿ ಕುಕ್ಕರನ್ನೇ ಎತ್ತಿಕೊಂಡು ಬಂದಳು. ಹಚ್ಚಿದೊಡನೆ ಕೆಂಪು ದೀಪ ಹೊತ್ತಿತು. ಮಚ್ಛೇಂದ್ರ ಅದನ್ನು ಆರಿಸಿ ಮತ್ತೆ ಹಚ್ಚಿ ನೋಡಿದ. ಮತ್ತೆ ಹೊತ್ತಿತು. ಅವನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ.

ಅಲ್ಲೇ ಪಂಢರಿಗೆ ಫೋನು ಹಚ್ಚಿದ. "ಪಂಢರಿ, ನಾ ಬರಂಗಿಲ್ಲ."

"ಅಕ್ಕ ಹೇಳ್ಯಾಳ. ಕಂಪ್ಯೂಟರ್ ಆತೇನು ಭಾವ?"

"ಕುಕ್ಕರ್ ಆತು."

ಹೊರಗೆ ಭಾಲ್ಕಿಯ ಬಸ್ಸು ಹಾರ್ನ್ ಹೊಡೆಯಿತು.

"ಮಿಸ್ತ್ರಿ, ನಿಮ್ಮ ಬಸ್ ಹೊಂಟದ ನೋಡ್ರಿ," ಎಂದಳು ಸುಭದ್ರಾಬಾಯಿ.

"ಹೋಗ್ಲಿ ಬಿಡ್ರಿ," ಎಂದು ಮಚ್ಛೇಂದ್ರ ಚೀಲ ಹೆಗಲಿಗೇರಿಸಿ ಪಕ್ಕದ ಮನೆಯ ಕಡೆ ನಡೆದ. "ವೈನಿ ಮನ್ಯಾಗ ಫ್ಯಾನೂ ನಿಂತದಂತ."