ಅರ್ಧ ಪಾಯಿಂಟ್ ದೊಡ್ಡ ಅಕ್ಷರ

‘ಆಪರೇಟರ್ ತಪ್ಪು’ ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಹದಿನೈದು ವರ್ಷ ಡಿಟಿಪಿ ಮಾಡಿದವಳು ನಾನು. ಮದುವೆ ಕರೆಯೋಲೆ, ಸಹಕಾರ ಸಂಘದ ವರದಿ, ಕವನ ಸಂಕಲನ, ಏನೇ ಇರಲಿ, ತಪ್ಪು ಕಂಡರೆ ಎಲ್ಲರ ಬೆರಳೂ ನನ್ನ ಕಡೆಗೇ. ಬರೆದವರು ತಪ್ಪು ಮಾಡುವುದೇ ಇಲ್ಲವಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯಿಂದ ಒಬ್ಬ ಹಿರಿಯರು ಬಂದರು. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ನಮ್ಮ ಕಡೆಯ ಆಡುಮಾತನ್ನು ಹೆಕ್ಕಿ ಒಂದು ನಿಘಂಟು ಮಾಡಿದ್ದರು. ಅದರ ಎಷ್ಟೋ ಪದಗಳನ್ನು ಹೇಳಿದವರು ಹೆಂಗಸರು. ಆಯನೂರಿನ ಕಡೆ ಅಡಿಕೆ ಸುಲಿಯಲು ಹೋಗುವವರು, ಕಾರ್ಖಾನೆ ಕ್ವಾರ್ಟರ್ಸಿನ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುತ್ತಾ ತಮಿಳು ತೆಲುಗು ಬೆರೆಸಿ ಕನ್ನಡ ಆಡುವವರು. ಅಂಥ ಪದಗಳ ಪಕ್ಕ ಅವರು ಒಂದೊಂದು ಚುಕ್ಕೆ ಇಟ್ಟಿದ್ದರು. ಪುಸ್ತಕ ಅಚ್ಚು ಹಾಕಿಸುತ್ತಿದ್ದ ಸಂಘದವರು ಆ ಚುಕ್ಕೆಗಳನ್ನೆಲ್ಲ ಹೊಡೆದು ಹಾಕಿದರು. ಪದ ಯಾರ ಬಾಯಿಂದ ಬಂದರೇನು, ನಿಘಂಟು ಗಂಭೀರವಾಗಿರಬೇಕು ಎಂದರಂತೆ. ಅದನ್ನು ನನಗೆ ಹೇಳುವಾಗ ಆ ಹಿರಿಯರು ಮುಖ ಸಣ್ಣದು ಮಾಡಿಕೊಂಡರು.

ನನಗೆ ಸಿಟ್ಟು ಬಂತು. ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರೋಣ ಬಿಡಿ ಸರ್ ಎಂದೆ. ನಿಘಂಟಿನ ಪದಗಳೆಲ್ಲ ಹನ್ನೊಂದು ಪಾಯಿಂಟ್ ಅಳತೆಯ ದಪ್ಪ ಅಕ್ಷರದಲ್ಲಿರಲಿ, ಹೆಂಗಸರು ಹೇಳಿದ ಪದ ಮಾತ್ರ ಹನ್ನೊಂದೂವರೆ ಇರಲಿ. ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ. ಹಾಗೇ ಮಾಡಿದೆ. ಪುಸ್ತಕ ಬಿಡುಗಡೆಯಾಯಿತು, ಭಾಷಣಗಳಾದವು, ಯಾರಿಗೂ ಗೊತ್ತಾಗಲಿಲ್ಲ. ಹಸ್ತಪ್ರತಿ ಸಂಘದ ಬೀರುವಿನಲ್ಲಿ ಗೆದ್ದಲಿಗೆ ಹೋಯಿತು. ಅಲ್ಲಿಗೆ, ಯಾವ ಪದ ಹೆಂಗಸರದು ಎಂಬುದಕ್ಕೆ ಉಳಿದ ದಾಖಲೆ ನನ್ನ ಕಂಪ್ಯೂಟರಿನ ಆ ಅರ್ಧ ಪಾಯಿಂಟ್ ಒಂದೇ.

ಏಳೆಂಟು ವರ್ಷದ ಮೇಲೆ ಬೆಂಗಳೂರಿನ ಒಂದು ಸಂಸ್ಥೆ ಆ ನಿಘಂಟನ್ನು ಅಂತರ್ಜಾಲಕ್ಕೆ ಹಾಕುತ್ತೇವೆ ಎಂದಿತು. ಅವರಿಗೆ ಪುಟ ಬೇಡ, ಎಕ್ಸ್‌ಎಂಎಲ್ ಬೇಕು. ಅಂದರೆ ಅಕ್ಷರ ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು ಅದು ಏನು ಎಂಬುದನ್ನು ಹೇಳಬೇಕು. ಇದು ಪದ, ಇದು ಅರ್ಥ, ಇದು ಊರು ಎಂದು ಪ್ರತಿಯೊಂದರ ಹಿಂದೆ ಮುಂದೆ ಟ್ಯಾಗ್ ಹಾಕಬೇಕು. ಅದಕ್ಕಾಗಿ ಅವರೇ ಒಂದು ಸಾಫ್ಟ್‌ವೇರಿನ ಸಿಡಿ ಕಳಿಸಿದರು. ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಇಡೀ ನಿಘಂಟು ಬದಲಾಗಿತ್ತು. ಬಹಳ ಚೊಕ್ಕಟ ಕೆಲಸ. ಹನ್ನೊಂದೂ ಹನ್ನೊಂದೂವರೆಯೂ ಒಂದೇ ಟ್ಯಾಗಿನೊಳಗೆ ಹೋಗಿ ಕೂತಿದ್ದವು.

ಅರ್ಧ ಪಾಯಿಂಟ್ ಎಲ್ಲಿ ಹೋಯಿತು ಎಂದು ಕೇಳಲು ಫೋನ್ ಮಾಡಿದೆ. ಅಲ್ಲಿಯ ತಜ್ಞರು ಮಗುವಿಗೆ ಹೇಳುವಂತೆ ಹೇಳಿದರು. “ಅದು ಆಪರೇಟರ್ ತಪ್ಪು ಮೇಡಂ. ನಮ್ಮ ಸಾಫ್ಟ್‌ವೇರ್ ಅದನ್ನ ತಾನೇ ಸರಿ ಮಾಡುತ್ತೆ.”

ಸಿಡಿಯನ್ನು ಕವರಿಗೆ ಹಾಕಿ ವಾಪಸ್ ಕಳಿಸಿದೆ. ಸೈಬರ್ ಸೆಂಟರಿನಿಂದ ಇಳಿಸಿಕೊಂಡು ತಂದ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನೋಡಿದೆ. ಅದು ಅಳತೆಯನ್ನೇನೋ ಉಳಿಸಿತು, ಆದರೆ ಒತ್ತಕ್ಷರಗಳನ್ನೆಲ್ಲ ಕಿತ್ತು ಬೇರೆ ಬೇರೆ ಸಾಲಿಗೆ ಎಸೆಯಿತು. ಕೊನೆಗೆ ನೋಡಿದರೆ, ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ. ದಿನಾ ಪುಟ ಕಟ್ಟುತ್ತಿದ್ದ ಸಾಫ್ಟ್‌ವೇರಿನ ಮೆನುವಿನಲ್ಲೇ ನಾನು ಒಮ್ಮೆಯೂ ಒತ್ತದ ಒಂದು ಸಾಲಿತ್ತು. ಒತ್ತಿದರೆ ಬರಿಯ ಪಠ್ಯ ಬಂತು, ಅಳತೆ ಬದಲಾದಲ್ಲೆಲ್ಲ ಅಂಕಿ ನಮೂದಿಸಿಕೊಂಡು. ನೋಡಲು ಕಸದ ರಾಶಿ, ಆದರೆ ಸುಳ್ಳು ಹೇಳುತ್ತಿರಲಿಲ್ಲ. ಅದನ್ನೇ ಆರಿಸಿಕೊಂಡೆ. ಹಳೆಯ ಫಾಂಟನ್ನು ಯುನಿಕೋಡಿಗೆ ತಿರುಗಿಸುವುದು, ಟ್ಯಾಗ್ ಹಾಕುವುದು, ಎಲ್ಲ ನಾನೇ ಮಾಡುತ್ತೇನೆ ಎಂದು ಹಟಕ್ಕೆ ಬಿದ್ದೆ.

ಆಗ ನಿಜವಾದ ಆಪರೇಟರ್ ತಪ್ಪು ಸಿಕ್ಕಿತು. ನಮ್ಮ ಕಸುಬಿನವರಿಗೆಲ್ಲ ಒಂದು ಚಾಳಿ ಇದೆ. ಒಂದೇ ಒಂದು ಪದ ಕೆಳಗಿನ ಸಾಲಿಗೆ ಜಾರಿದರೆ, ಮೇಲಿನ ದಪ್ಪ ಅಕ್ಷರವನ್ನು ಅರ್ಧ ಪಾಯಿಂಟ್ ಕುಗ್ಗಿಸಿ ಅದನ್ನು ಎಳೆದುಕೊಳ್ಳುತ್ತೇವೆ. ‘ಚೊಗರು’ ಹನ್ನೊಂದರಲ್ಲಿ ಕೂತಿತ್ತು. ಅಡಿಕೆ ಬೇಯಿಸಿದ ಕೆಂಪು ನೀರಿಗೆ ಹಾಗೆನ್ನುತ್ತಾರೆ. ಅದರ ಪಕ್ಕ ಚುಕ್ಕೆ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಇನ್ನೆಷ್ಟು ಪದಗಳಿಗೆ ಹೀಗೆ ಮಾಡಿದ್ದೆನೋ, ಯಾವ ಸಾಫ್ಟ್‌ವೇರಿಗೂ ಗೊತ್ತಾಗುವಂತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಪಟ್ಟಿಯನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಭದ್ರಾವತಿ ಬಸ್ ಹತ್ತಿದೆ.

ಮಾಡಿದ್ದನ್ನು ಆ ಹಿರಿಯರಿಗೆ ಹೇಳಿಕೊಂಡೆ. ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಓದತೊಡಗಿದರು. ನನ್ನ ಹೆಸರು ಅವರಿಗೆ ಆ ಹೊತ್ತಿಗೆ ಮರೆತುಹೋಗುತ್ತಿತ್ತು, ಆದರೆ ಪದ ಕಂಡ ಕೂಡಲೇ ಅದನ್ನು ಆಡಿದವಳು ನೆನಪಾಗುತ್ತಿದ್ದಳು. ಇದು ನಲ್ಲಿ ಹತ್ತಿರದ ಜಗಳದಲ್ಲಿ ಸಿಕ್ಕಿದ್ದು, ಇದು ಸುಲಿಯುವ ಚಪ್ಪರದಲ್ಲಿ ಎಂದು ನಗುತ್ತಾ ಹೇಳಿದರು. ಚೊಗರಿಗೆ ಬಂದಾಗ ನಗು ನಿಂತಿತು. ಅದು ತೀರಿಕೊಂಡ ಅವರ ಹೆಂಡತಿ ಹೇಳಿಕೊಟ್ಟ ಮೊದಲನೆಯ ಪದವಂತೆ. ಮದುವೆಗೆ ಮುಂಚೆ ಆಕೆ ಅಡಿಕೆ ಕೆಲಸಕ್ಕೆ ಹೋಗುತ್ತಿದ್ದರು.

ಇನ್ನು ಚುಕ್ಕೆಯೂ ಬೇಡ, ಅರ್ಧ ಪಾಯಿಂಟೂ ಬೇಡ, ‘ಹೇಳಿದವರು’ ಎಂದೇ ಒಂದು ಟ್ಯಾಗ್ ಮಾಡಿ ಹೆಸರನ್ನೇ ಹಾಕೋಣ ಎಂದೆ. ಅವರು ಕನ್ನಡಕ ತೆಗೆದು ಪಟ್ಟಿಯನ್ನು ನನ್ನ ಕಡೆಗೆ ಸರಿಸಿದರು.

“ಹಾಕು ಮಾರಾಯ್ತಿ. ಅವರಲ್ಲಿ ಅರ್ಧ ಜನಕ್ಕೆ ಓದೋಕೇ ಬರ್ತಿರ್ಲಿಲ್ಲ.”

ಎಷ್ಟೋ ಭಾನುವಾರ ಹೋಗಿ ಬಂದು ಹೆಸರುಗಳನ್ನು ತುಂಬಿದೆ. ಫೈಲ್ ಕಳಿಸಿದ ಮೇಲೆ ತಜ್ಞರ ಫೋನ್ ಬಂತು. ಆ ಟ್ಯಾಗ್ ತಮ್ಮ ಪಟ್ಟಿಯಲ್ಲಿಲ್ಲ, ತೆಗೆದು ಮತ್ತೆ ಕಳಿಸಿ ಎಂದರು.

“ನಾನು ತೆಗೆಯಲ್ಲ ಸರ್. ಬೇಡ ಅಂದ್ರೆ ನೀವೇ ತೆಗೀರಿ. ಒಂದೊಂದು ಹೆಸರೂ ಓದ್ಕೊಂಡು ತೆಗೀರಿ.”

ಫೋನ್ ಇಟ್ಟೆ. ಹೇಳಿದ್ದಕ್ಕೆ ಬೇಸರವಾಗಲಿಲ್ಲ. ತಿಂಗಳುಗಟ್ಟಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ನಿಘಂಟು ಅಂತರ್ಜಾಲಕ್ಕೆ ಬಂದಿದೆ ಎಂದು ಯಾರೋ ಹೇಳಿದಾಗ ಸೈಬರ್ ಸೆಂಟರಿಗೆ ಹೋಗಿ ‘ಚೊಗರು’ ಎಂದು ಹುಡುಕಿದೆ. ಅರ್ಥದ ಕೆಳಗೆ ಹಿರಿಯರ ಹೆಂಡತಿಯ ಹೆಸರಿತ್ತು, ಪದದಷ್ಟೇ ದೊಡ್ಡ ಅಕ್ಷರದಲ್ಲಿ.