ಡಾರ್ಕಸ್‌ಳ ಏಕವಚನ

ಡಾರ್ಕಸ್ ವಿಗ್ಯಾಮ್ ಯಾರಿಗೂ ಬಹುವಚನ ಕೊಟ್ಟವಳಲ್ಲ. ಯುದ್ಧವನ್ನೇ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೆಂಗಸು. ಮನುಷ್ಯರಲ್ಲಿ ಮೇಲು ಕೀಳಿಲ್ಲ, ಹಾಗಾಗಿ ಎಲ್ಲರಿಗೂ ‘ನೀನು’ ಎಂದು ಅಜ್ಜಿಯಿಂದ ಕಲಿತ ಮಾತು. ಮ್ಯಾಜಿಸ್ಟ್ರೇಟನಿಗೂ ನೀನು, ಪಾದ್ರಿಗೂ ನೀನು, ಕಸ ಹೊರುವವನಿಗೂ ನೀನು. ಶಾಂತಿಯ ಕಾಲದಲ್ಲಿ ಹೆದರ್‌ಕೂಂಬ್ ಊರು ಇದನ್ನು ಹುಚ್ಚೆಂದು ನಕ್ಕು ಸುಮ್ಮನಿತ್ತು. ಜರ್ಮನಿಯ ಜೊತೆಗಿನ ಯುದ್ಧ ಮೂರನೇ ವರ್ಷಕ್ಕೆ ಬಿದ್ದು, ಇಂಗ್ಲೆಂಡಿನ ಮನೆಮನೆಗೂ ಸಾವಿನ ತಂತಿ ಬರತೊಡಗಿದ ಮೇಲೆ ಅದೇ ‘ನೀನು’ ಕೆನ್ನೆಗೆ ಬಾರಿಸಿದಂತೆ ಕೇಳಿಸತೊಡಗಿತು.

ಸಾಲದ್ದಕ್ಕೆ, ಬಂದೂಕು ಹಿಡಿಯಲು ಒಲ್ಲೆ ಎಂದ ಹುಡುಗರನ್ನು ಸರ್ಕಾರ ಊರ ಮೇಲಿನ ಹಳೆಯ ಜೈಲಿಗೆ ತಂದು ಕಲ್ಲು ಒಡೆಯಲು ಹಚ್ಚಿತು. ಭಾನುವಾರ ಮಧ್ಯಾಹ್ನ ಅವರಿಗೆ ಬಿಡುವು. ಊರಿನ ಒಂದು ಬಾಗಿಲೂ ತೆರೆಯಲಿಲ್ಲ, ಡಾರ್ಕಸ್‌ಳದೊಂದು ಬಿಟ್ಟು. ಚಹಾ, ಬ್ರೆಡ್ಡು, ಬೆಂಕಿಯ ಮುಂದೆ ಒಂದು ಬೆಂಚು. ತಿಂದವರು ಅವಳ ಆಟೋಗ್ರಾಫ್ ಪುಸ್ತಕದಲ್ಲಿ ಏನಾದರೂ ಬರೆದು ಹೆಸರು ಹಾಕಬೇಕು. ಒಬ್ಬ ಜೈಲಿನ ಕಿಟಕಿಯ ಚಿತ್ರ ಬಿಡಿಸಿದ್ದ, ಇನ್ನೊಬ್ಬ ವಾರ್ಡರನ ಮೂಗು. ಉಳಿದವರು ತಮ್ಮ ಆತ್ಮಸಾಕ್ಷಿಯನ್ನು ತಾವೇ ಹೊಗಳಿಕೊಂಡು ಪದ್ಯ ಹೊಸೆದಿದ್ದರು. ಯುದ್ಧ ಒಲ್ಲೆ ಎನ್ನಲು ಗುಂಡಿಗೆ ಬೇಕು, ನಿಜ. ಗುಂಡಿಗೆ ಇದ್ದವನಿಗೆಲ್ಲ ಪದ್ಯ ಬರಬೇಕೆಂದೇನಿಲ್ಲ.

ಊರಿಗಿದ್ದದ್ದು ಒಂದೇ ಬೇಕರಿ, ಏಡಾ ಹಾಕಡೇಯದು. ಅವಳ ಒಬ್ಬನೇ ಮಗ ಜೆಮ್ ಫ್ರಾನ್ಸಿನ ಕೆಸರಲ್ಲಿ ಸತ್ತಿದ್ದ; ಹೆಣವೂ ಸಿಕ್ಕಿರಲಿಲ್ಲ. ಒಂದು ಶನಿವಾರ ಡಾರ್ಕಸ್ ಸಾಲಿನಲ್ಲಿ ಕಾದು ಮುಂದೆ ಬಂದು, ಎಂದಿನಂತೆ, ಬ್ರೆಡ್ ಕೊಡು ಏಡಾ ಎಂದಳು. ಏಡಾ ಕೈಕಟ್ಟಿ ನಿಂತಳು.

“ಶ್ರೀಮತಿ ಹಾಕಡೇಯವರೇ, ದಯವಿಟ್ಟು ಕೊಡಿ ಅನ್ನಿ, ಮಿಸ್ ವಿಗ್ಯಾಮ್. ಎಲ್ರಿಗೂ ಕೇಳೋ ಹಾಗೆ ಅನ್ನಿ. ಆಮೇಲೆ ನೋಡೋಣ.”

ದ್ವೇಷಕ್ಕೆ ಬಹುವಚನದಷ್ಟು ಚೆನ್ನಾಗಿ ಒಪ್ಪುವ ಬಟ್ಟೆ ಇನ್ನೊಂದಿಲ್ಲ. ಒಂದು ‘ನೀನು’ ನುಂಗಿದರೆ ಮರುದಿನ ಬರುವ ಇಪ್ಪತ್ತು ಹುಡುಗರ ಹೊಟ್ಟೆಗೆ ಆಧಾರ. ಇದೇ ಒಂದು ಪದಕ್ಕಾಗಿ ಡಾರ್ಕಸ್‌ಳ ಪಂಥದ ಹಿರೀಕರು ಜೈಲಲ್ಲಿ ಕೊಳೆತಿದ್ದರು. ಅವಳಿಗೆ ಆಗಲಿಲ್ಲ. ಅತ್ತ ಸರಿಯಲೂ ಇಲ್ಲ.

ಸಾಲಿನ ಹಿಂದಿನಿಂದ ಮೋಚಿ ಪ್ಯಾಸ್ಕೋ ಕೆಣಕಿದ: “ಬಿಡಮ್ಮ ಏಡಾ. ಅವಳ ಪುಸ್ತಕದಲ್ಲಿ ಹೆಸರಿಲ್ಲದೋರು ಅವಳ ಲೆಕ್ಕಕ್ಕೆ ಮನುಷ್ಯರೇ ಅಲ್ಲ.”

ಡಾರ್ಕಸ್ ಬುಟ್ಟಿಯಿಂದ ಆ ಪುಸ್ತಕ ತೆಗೆದು ಕಟ್ಟೆಯ ಮೇಲಿಟ್ಟಳು. ಯಾರು ಬೇಕಾದರೂ ಬರೆಯಬಹುದು, ಏನು ಬೇಕಾದರೂ ಬರೆಯಬಹುದು, ಕೆಳಗೆ ಹೆಸರಿದ್ದರೆ ಸಾಕು ಎಂದಳು.

ಏಡಾ ಹಿಟ್ಟಿನ ಕೈಯಲ್ಲೇ ಪುಸ್ತಕ ಕಸಿದುಕೊಂಡು ಪುಟ ತುಂಬ ಗೀಚಿದಳು. ಗೀಚಿದ್ದನ್ನು ಸಾಲಿನವರಿಗೆಲ್ಲ ಕೇಳುವಂತೆ ಓದಿದಳು.

“ನನ್ನ ಜೆಮ್ ಮಣ್ಣಲ್ಲಿ ಕೊಳೀತಾ ಇದಾನೆ. ಅವನ ಪಾಲಿನ ಬ್ರೆಡ್ಡನ್ನ ನೀನು ಹೇಡಿಗಳಿಗೆ ತಿನ್ನಿಸ್ತೀಯ. ನಿನ್ನ ಕೈ ಸೇದಿಹೋಗ್ಲಿ.”

“ಹೆಸರು?” ಎಂದಳು ಡಾರ್ಕಸ್.

“ಹೆದರ್ತೀನಿ ಅಂದ್ಕೊಂಡ್ಯಾ?” ಏಡಾ ಸೀಸದ ಮೊನೆ ಮುರಿಯುವಂತೆ ರುಜು ಒತ್ತಿದಳು. ಸಿಟ್ಟಿನ ಭರದಲ್ಲಿ ಹೆಸರಿಗೆ ‘ಶ್ರೀಮತಿ’ ಸೇರಿಸುವುದೇ ಮರೆತುಹೋಗಿತ್ತು.

ಡಾರ್ಕಸ್ ಓದಿಕೊಂಡಳು. “ನನಗೆ ನೀನು ಅಂದೆಯಲ್ಲ ಏಡಾ. ಇನ್ನು ನಾನು ನೀವು ಅನ್ನೋ ಮಾತೆಲ್ಲಿ ಬಂತು? ಬ್ರೆಡ್ ಕೊಡು.”

ಪ್ಯಾಸ್ಕೋ ಗೊಳ್ಳೆಂದ. ಸಾಲಿಗೆ ಸಾಲೇ ಕಿಸಕ್ಕೆಂದಿತು. ಏಡಾಳ ಮುಖ ಕಾದ ಒಲೆಯಂತಾಯಿತು. ಬಗ್ಗಿ, ಪುಡಿ ಮಾಡಲೆಂದು ಮೂಲೆಗೆ ಎಸೆದಿದ್ದ ಒಣಗಿದ ಹಳೆಯ ಬ್ರೆಡ್ಡುಗಳನ್ನು ಎತ್ತಿ ಕಟ್ಟೆಯ ಮೇಲೆ ಕುಕ್ಕಿದಳು. ಕಲ್ಲು ಬಿದ್ದ ಸದ್ದಾಯಿತು. ತಾಜಾ ಬ್ರೆಡ್ಡಿನ ಪೂರ್ತಿ ದುಡ್ಡನ್ನೇ ಕಿತ್ತುಕೊಂಡಳು.

“ತಗೊಂಡ್ಹೋಗು. ಅವರ ಹಲ್ಲು ಉದುರ್ಲಿ.”

ಭಾನುವಾರ ಹುಡುಗರು ಬಂದರು. ಅವರಲ್ಲಿ ಮೊದಲು ಮೇಷ್ಟರಾಗಿದ್ದ ವಿಲ್ಫ್ರೆಡ್ ಎಂಬವನಿಗೆ ಎಲ್ಲರಿಗಿಂತ ಉದ್ದದ ಪದ್ಯ ಬರೆದ ಹೆಮ್ಮೆ. ಹಿಟ್ಟು ಮೆತ್ತಿದ ಆ ಪುಟ ನೋಡಿ ಉರಿದುಬಿದ್ದ. ಅದನ್ನು ಹರಿದು ಒಲೆಗೆ ಹಾಕಬೇಕು, ಇಲ್ಲದಿದ್ದರೆ ತನ್ನ ಪುಟವನ್ನೇ ಹರಿದುಕೊಂಡು ಹೋಗುತ್ತೇನೆ, ಇಂಥವಳ ಜೊತೆ ಒಂದೇ ಪುಸ್ತಕದಲ್ಲಿ ಇರಲಾರೆ ಎಂದ. ನಾಲ್ಕಾರು ತಲೆಗಳೂ ಹೌದೆಂದು ಆಡಿದವು.

ಡಾರ್ಕಸ್ ಅವನ ತಟ್ಟೆಗೆ ಒಂದು ತುಂಡು ಹಾಕಿದಳು.

“ಇದು ಅವಳದೇ ಬ್ರೆಡ್ಡು. ಮೊದಲು ತಿಂದು ಮುಗಿಸು, ಆಮೇಲೆ ಹರಿ.”

ವಿಲ್ಫ್ರೆಡ್ ಕಚ್ಚಿದ. ಹಲ್ಲು ಜಾರಿತು. ಚಹಾಕ್ಕೆ ಅದ್ದಿದ, ಚಹಾ ತಣ್ಣಗಾಯಿತೇ ವಿನಾ ಬ್ರೆಡ್ಡು ಮೆತ್ತಗಾಗಲಿಲ್ಲ. ಜೈಲಿನ ಗಂಟೆ ಹೊಡೆದಾಗಲೂ ಕೆಂಪು ಮುಖ ಮಾಡಿಕೊಂಡು ಅಗಿಯುತ್ತಲೇ ಇದ್ದ.